ಪೈಪಿಗೊಂದು ಗಾದಿ

ಕಾಸಿಂ ಕಾಕಾರ ಮುಖ ನೋಡುವ ಮೊದಲೇ ನಾನು ಅವರ ಗೊರಕೆ ಕೇಳಿದ್ದೆ. ಆಕ್ಲೆಂಡಿನ ಹೆಂಡರ್ಸನ್ ಬಡಾವಣೆಯಲ್ಲಿ ಅವರ ಮನೆಯ ಹಿತ್ತಲಿಗೆ, ಗ್ಯಾರೇಜಿನ ಗೋಡೆಗೆ ಆನಿಸಿ ಕಟ್ಟಿದ ಒಂದು ಕೋಣೆ ಬಾಡಿಗೆಗಿತ್ತು. ನೋಡಲು ಹೋದಾಗ ಮಧ್ಯಾಹ್ನ ಎರಡು ಗಂಟೆ. ಮನೆಯೊಳಗೆ ಯಾರೋ ಹಳೇ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದಂಥ ಸದ್ದು.

"ಯಾರೋ ರಿಪೇರಿ ಮಾಡ್ತಾ ಇದ್ದಾರಾ ಆಂಟಿ?" ಎಂದೆ.

ಬಾಗಿಲು ತೆರೆದ ಆಬಿದಾ ಆಂಟಿ, "ಗಾಡಿ ಅಲ್ಲೋ ತಮ್ಮಾ, ನಮ್ಮ ಮನಿಯವ್ರು. ಮುಂಜಾನಿ ಪಾಳಿ ಮುಗಿಸಿ ಮಲಗ್ಯಾರ," ಎಂದರು.

ಕಾಕಾ ಬಸ್ ಡ್ರೈವರ್. ಆಕ್ಲೆಂಡಿನ ಬಸ್ಸುಗಳನ್ನು ಹದಿನೆಂಟು ವರ್ಷ ಓಡಿಸಿದವರು, ಅದರಲ್ಲಿ ಹೆಚ್ಚಿನ ಕಾಲ ಸ್ಯಾಂಡ್ರಿಂಗಮ್ ರಸ್ತೆಯ ಮೇಲೆ. ನಾನು ಮೊದಲು ಅಂಕಲ್ ಎಂದೆ. "ಇಲ್ಲಿ ಎಲ್ಲಾರೂ ಅಂಕಲ್ಲೇ. ಕಾಕಾ ಅನ್ನಪಾ, ಊರಾಗ ಇದ್ದಂಗ ಅನಸ್ತೈತಿ," ಎಂದರು. ಹೆಂಡತಿಯನ್ನು ಏನೆನ್ನಲಿ ಎಂದು ಕೇಳಿದಾಗ ಅವರೇ ಒಳಗಿನಿಂದ ಕೂಗಿ ಹೇಳಿದರು: "ನನಗ ಆಂಟಿನ ಇರ್ಲಿ. ವಯಸ್ಸು ಕಡಿಮಿ ಅನಸ್ತೈತಿ."

ನನ್ನ ಪರಿಚಯವನ್ನೂ ಮುಗಿಸಿಬಿಡುತ್ತೇನೆ, ಹೆಚ್ಚೇನಿಲ್ಲ. ಹೆಸರು ಆದಿತ್ಯ, ಊರು ಮೈಸೂರು, ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಥರ್ಮೊಡೈನಾಮಿಕ್ಸ್‌ನಲ್ಲಿ ಮೂವತ್ತೈದು ಅಂಕ ಬಂದಿತ್ತು. ಪಾಸಾಗಲು ಬೇಕಾದದ್ದೂ ಅಷ್ಟೇ. ಕೆಲಸ, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಯಂತ್ರ ಮಾರುವ ಒಂದು ಕಂಪನಿಯ ಸಹಾಯವಾಣಿಯಲ್ಲಿ. ಎಂಟು ಗಂಟೆ ಹೆಡ್‌ಫೋನ್ ಹಾಕಿಕೊಂಡು, ಕಂಪ್ಯೂಟರಿನಲ್ಲಿ ಬರೆದಿಟ್ಟ ಉತ್ತರಗಳನ್ನು ನನ್ನದೇ ಜ್ಞಾನವೆಂಬ ಧಾಟಿಯಲ್ಲಿ ಓದುವುದು. ಕೊರಳಿಗೆ ಹಾಕುವ ಚೀಟಿಯಲ್ಲಿ 'ಕಂಫರ್ಟ್ ಸ್ಪೆಷಲಿಸ್ಟ್' ಎಂದಿತ್ತು. ಗಂಟಲು ಒಣಗುತ್ತದೆ ಎಂದರೆ ತೇವದ ನಂಬರ್ ಏರಿಸಿ ಎನ್ನಬೇಕು. ಪೈಪಿನಲ್ಲಿ ನೀರು ನಿಲ್ಲುತ್ತದೆ ಎಂದರೆ ಇಳಿಸಿ ಎನ್ನಬೇಕು. ಎರಡೂ ಆಗುತ್ತಿದೆ ಎಂದು ಹಟ ಹಿಡಿದರೆ ಒಳಗೆ ತಂತಿಯಿರುವ ಬಿಸಿ ಪೈಪು ಮಾರಬೇಕು. ಎರಡು ವರ್ಷ ಇದಿಷ್ಟರಲ್ಲೇ ನಾನು ಸುಖವಾಗಿ ಬದುಕಿದೆ.

ಹೋದ ವರ್ಷದ ಚಳಿಗಾಲದ ಆರಂಭದಲ್ಲಿ, ಇಲ್ಲಿ ಅದು ಜೂನ್ ಹೊತ್ತಿಗೆ, ಕಾಕಾ ಒಂದು ಮದುವೆಯ ಊಟದಲ್ಲಿ, ಚಮಚ ಬಾಯಿಗೆ ತಲುಪುವ ಮೊದಲೇ ನಿದ್ದೆ ಹೋದರು. ಸುತ್ತಲಿನವರು ನಕ್ಕರು. ಮಗಳು ಸನೋಬರ್ ನಗಲಿಲ್ಲ. ಇಲ್ಲೇ ಬೆಳೆದ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪನನ್ನು ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ನಿದ್ದೆಯಲ್ಲಿ ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ಲುತ್ತದೆ ಎಂದು ಬಂತು.

ಅಂದಿನಿಂದ ಕಾಕಾರಿಗೆ ಸ್ಟಿಯರಿಂಗ್ ಇಲ್ಲ. ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿದರು. ಮತ್ತೆ ಓಡಿಸಬೇಕಾದರೆ ಡಾಕ್ಟರ ಪತ್ರ ಬೇಕು. ಪತ್ರ ಬೇಕಾದರೆ ಯಂತ್ರ ಹಾಕಿಕೊಂಡು ಮಲಗಬೇಕು. ಮೂವತ್ತು ರಾತ್ರಿಗಳಲ್ಲಿ ಕಡೇ ಪಕ್ಷ ಇಪ್ಪತ್ತೊಂದು ರಾತ್ರಿ, ರಾತ್ರಿಗೆ ನಾಲ್ಕು ಗಂಟೆ. ಲೆಕ್ಕವನ್ನು ಯಂತ್ರವೇ ಬರೆದುಕೊಳ್ಳುತ್ತದೆ, ಅದರ ಹತ್ತಿರ ದಾಕ್ಷಿಣ್ಯ ನಡೆಯುವುದಿಲ್ಲ. ತಪ್ಪಿದರೆ ಕೇಸು ಮತ್ತೆ ಸರದಿಯ ಕೊನೆಗೆ, ಅಂದರೆ ಇನ್ನೊಂದು ಆರು ತಿಂಗಳು ಬ್ರಷ್ಷು, ಬಕೆಟ್ಟು.

"ಮಂದಿ ಹೊರಗಿನಿಂದ ಬಸ್ ನೋಡ್ತಾರ. ನಾ ಹದಿನೆಂಟ್ ವರ್ಷ ಒಳಗಿನಿಂದ ರಸ್ತಾ ನೋಡೀನಿ. ಈಗ ಚಕ್ರ ನೋಡಕೋತ ಕುಂತೀನಿ," ಎಂದರು ಒಂದು ಸಂಜೆ. ಅವರು ದೂರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯಂತ್ರ ಬಂದಾಗ ಇಡೀ ಮನೆಗೆ ನಾನೇ ತಜ್ಞ. ಮೂಗಿಗೆ ಮಾಸ್ಕು, ಮಾಸ್ಕಿಗೆ ಪೈಪು, ಪೈಪಿಗೆ ಯಂತ್ರ, ಯಂತ್ರಕ್ಕೊಂದು ಪುಟ್ಟ ನೀರಿನ ತೊಟ್ಟಿ. ಅದು ನೀರನ್ನು ಬೆಚ್ಚಗೆ ಮಾಡಿ ಗಾಳಿಗೆ ತೇವ ಬೆರೆಸಿ ಊದುತ್ತದೆ, ಗಂಟಲು ಒಣಗದಿರಲಿ ಎಂದು. ಮೊದಲ ಬೆಳಿಗ್ಗೆ ಕಾಕಾ, "ಗಂಟಲ ಒಣಗಿ ಕಟ್ಟಿಗಿ ಆತು," ಎಂದರು. ತೇವದ ನಂಬರ್ ಮೂರರಿಂದ ಆರಕ್ಕೆ ಏರಿಸಿ ಎಂದೆ, ಚಹಾ ಕುಡಿಯುತ್ತಲೇ, ಅವರ ಮಲಗುವ ಕೋಣೆಯತ್ತ ತಿರುಗಿಯೂ ನೋಡದೆ. ಆಫೀಸಿನಲ್ಲೂ ನಾನು ಯಾರ ಕೋಣೆಯನ್ನೂ ನೋಡುವುದಿಲ್ಲವಲ್ಲ.

ಮರುದಿನ ಕಾಕಾ ಮುಖ ಒರೆಸಿಕೊಳ್ಳುತ್ತಲೇ ಬಂದರು. "ನಿದ್ದ್ಯಾಗ ಗುಳುಗುಳು ಗುಳುಗುಳು. ಎಚ್ಚರಾಗಿ ನೋಡ್ತೀನಿ, ಮೂಗಿನಾಗ ನೀರು! ಮೂಗು ತೊಳದು ವಜೂ ಮಾಡಿದಂಗ ಆತು, ಆದ್ರ ನಮಾಜಿಗೆ ಇನ್ನಾ ನಾಕ್ ತಾಸು ಐತಿ."

"ನಂಬರ್ ಇಳಿಸಿ ಕಾಕಾ."

ಇಳಿಸಿದರು. ನೀರು ಕಡಿಮೆಯಾಯಿತು, ನಿಲ್ಲಲಿಲ್ಲ. ಗಂಟಲು ಮತ್ತೆ ಕಟ್ಟಿಗೆ. ದಿನಾ ರಾತ್ರಿ ಎರಡು ಗಂಟೆ ತಡೆದುಕೊಂಡು ಮಾಸ್ಕು ಕಿತ್ತು ಮಲಗುವುದೇ ಆಯಿತು. ಬಿಸಿ ಪೈಪು ಕೊಡಿಸೋಣವೆಂದರೆ ನಮ್ಮ ಗೋದಾಮಿನಲ್ಲೇ ಮುಗಿದಿತ್ತು, ಹಡಗಿನಲ್ಲಿ ಬರಲು ಆರೇಳು ವಾರವಂತೆ. ಶುಕ್ರವಾರ ಶುರುವಾದ ಲೆಕ್ಕದಲ್ಲಿ ಮುಂದಿನ ಶನಿವಾರ ಬೆಳಗಾಗುವಾಗ ಎಂಟು ರಾತ್ರಿ ಕಳೆದಿದ್ದವು, ಎಂಟೂ ಹಾಳು. ಇನ್ನೊಂದೇ ಒಂದು ರಾತ್ರಿ ಕಳೆದುಕೊಳ್ಳಲು ಅವಕಾಶವಿತ್ತು.

ಆ ಶನಿವಾರ ಸನೋಬರ್ ನನ್ನ ಕೋಣೆಯ ಬಾಗಿಲು ಬಡಿದು, "ಆದಿ, ನೀನು ಒಂದ್ಸಲವಾದರೂ ಆ ಮಶಿನ್ ನೋಡಿದ್ದೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನೋಡಿರಲಿಲ್ಲ. ಹೋಗಿ ನೋಡಿದೆ.

ಯಂತ್ರ ಅಲ್ಮೇರಾದ ತಲೆಯ ಮೇಲೆ ಕೂತಿತ್ತು. ಆರಡಿ ಎತ್ತರ. ಕೆಳಗೊಂದು ಕಸೂತಿ ಬಟ್ಟೆ. ಅಲ್ಲಿಂದ ಪೈಪು ಕಿಟಕಿಯ ಗಾಜಿಗೆ ತಾಗಿಕೊಂಡು ಜಲಪಾತದಂತೆ ಇಳಿದು ಹಾಸಿಗೆಗೆ ಬಂದಿತ್ತು.

"ಅಷ್ಟು ಮೇಲೆ ಯಾಕಿಟ್ರಿ ಕಾಕಾ?"

ಕಾಕಾ ನನ್ನ ಓದಿನ ಬಗ್ಗೆಯೇ ಅನುಮಾನ ಬಂದವರಂತೆ ನೋಡಿದರು. "ನೀರಿನ ಟಾಕಿ ಮನಿ ಮ್ಯಾಲ ಇಡ್ತಾರೋ ತಳಗ ಇಡ್ತಾರೋ? ದವಾಖಾನ್ಯಾಗ ಸಲಾಯಿನ್ ಬಾಟ್ಲಿ ಎಲ್ಲಿ ಕಟ್ತಾರ?"

"ಅಷ್ಟ ಅಲ್ಲ, ಔಷಧದ ಸಾಮಾನು," ಎಂದರು ಆಂಟಿ. "ತಳಗಿಟ್ರ ಕಾಲು ತಾಗ್ತೈತಿ."

ನಾನು ಹಾಸಿಗೆಯ ಅಂಚಿಗೆ ಕೂತುಬಿಟ್ಟೆ. ಇಳಿದು ಬರಬೇಕಾದದ್ದು ಗಾಳಿ, ಅದಕ್ಕೆ ಎತ್ತರ ಬೇಡ. ಪೈಪಿನಲ್ಲಿ ಕಟ್ಟಿದ ಹನಿಗೆ ಮಾತ್ರ ಎತ್ತರ ಸಿಕ್ಕಿತ್ತು. ಅದು ಅಲ್ಮೇರಾದಿಂದ ಹೊರಟು ನೇರ ಕಾಕಾರ ಮೂಗಿಗೆ ಬರುತ್ತಿತ್ತು. ಯಂತ್ರ ತಲೆಗಿಂತ ಕೆಳಗಿದ್ದರೆ ಹನಿ ವಾಪಸ್ ತೊಟ್ಟಿಗೆ ಹೋಗುತ್ತದೆ. 'ಎಲ್ಲಿಟ್ಟಿದ್ದೀರಿ' ಎಂಬ ಪ್ರಶ್ನೆ ನಮ್ಮ ಬರೆದಿಟ್ಟ ಉತ್ತರಗಳಲ್ಲಿ ಇರಲೇ ಇಲ್ಲ. ನಮ್ಮೂರಿನ ಮನೆಯಲ್ಲೂ ಟ್ಯಾಂಕ್ ತಾರಸಿಯ ಮೇಲೇ ಇದೆ, ನನಗೂ ಹೊಳೆಯಲಿಲ್ಲ.

ಯಂತ್ರವನ್ನು ಹಾಸಿಗೆಯ ಪಕ್ಕ ಗಿಡ್ಡ ಸ್ಟೂಲಿನ ಮೇಲೆ ಇಳಿಸಿದೆವು. ಮಂಚವನ್ನೇ ಕಿಟಕಿಯಿಂದ ದೂರ ಸರಿಸಿದೆವು. ಚಾಲೂ ಮಾಡಿ ಅರ್ಧ ಗಂಟೆ ಬಿಟ್ಟೆವು. ಕಾಕಾ ಪೈಪಿನ ಉದ್ದಕ್ಕೂ ಕೈಯಾಡಿಸಿದರು, ಎಮ್ಮೆಯ ಬೆನ್ನು ಸವರಿದಂತೆ.

"ಇಲ್ಲಿ ಬೆಚ್ಚಗೈತಿ. ಇಲ್ಲಿ ಬರೂದ್ರಾಗ ತಣ್ಣಗ ಐತಿ. ಚಹಾದ ಬೋಗುಣಿ ಮ್ಯಾಲ ತಾಟು ಮುಚ್ಚಿದ್ರ ತಾಟಿನ ತಳಕ್ಕ ಹನಿ ಕೂಡತಾವಲ್ಲ, ಹಂಗ. ಗಾಳಿ ತಪ್ಪಿಲ್ಲ, ನೀರಿನ ತಪ್ಪಿಲ್ಲ. ಪೈಪ್ ಚಳಿಗೆ ನಡುಗತೈತಿ ಅಷ್ಟ." ಪೈಪನ್ನು ಅಂಗೈಯಲ್ಲಿ ತೂಗಿ ಹೇಳಿದರು: "ಇದಕ್ಕೊಂದು ಗಾದಿ ಬೇಕು."

ಮೂವತ್ತೈದು ಅಂಕಕ್ಕೆ ನಾನು ಬಾಯಿಪಾಠ ಮಾಡಿ ಮರೆತ ಇಬ್ಬನಿಯ ಪಾಠ ಅದು.

ಗಾದಿ ಎಂಬ ಮಾತು ಕಾಕಾರ ಬಾಯಲ್ಲಿ ಸುಮ್ಮನೆ ಬರುವುದಲ್ಲ. ಅವರು ಗದಗಿನ ಪಿಂಜಾರರು, ನದಾಫ್ ಮನೆತನ. ಅವರಪ್ಪ, ಅಜ್ಜ ಎಲ್ಲರೂ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿದವರು. ಕಾಕಾ ಹದಿನಾಲ್ಕನೇ ವಯಸ್ಸಿಗೆ ಹೆಗಲ ಮೇಲೆ ಬಿಲ್ಲು ಹೊತ್ತವರು. ಆಳೆತ್ತರದ ಬಿಲ್ಲು, ನರದ ತಂತಿ, ಬಡಿಯಲು ಮರದ ಕೊಡತಿ. ಓಣಿಯಲ್ಲಿ ನಡೆಯುತ್ತ ತಂತಿಯನ್ನು ಟಂಯ್ ಎನಿಸಿದರೆ ಸಾಕು, ಕೂಗುವ ಅಗತ್ಯವಿರಲಿಲ್ಲ. ಯಾವುದೋ ಬಾಗಿಲಿಂದ ಹೆಣ್ಣುಮಗಳೊಬ್ಬಳು ಚಪ್ಪಟೆಯಾದ ಗಾದಿ ಹೊರಗೆಳೆಯುತ್ತಿದ್ದಳು. ಅಂಗಳದಲ್ಲಿ ಹತ್ತಿ ಹರವಿ ಬಿಲ್ಲು ಬಡಿದರೆ, ಕಲ್ಲಾಗಿದ್ದದ್ದು ಮೋಡವಾಗುತ್ತಿತ್ತು. "ಹುಬ್ಬು, ಮೀಸಿ, ತಲಿ ಎಲ್ಲಾ ಬೆಳ್ಳಗ. ದಿನಾ ಸಂಜಿಕೆ ನಾ ಮುದುಕ ಆಗತಿದ್ದೆ, ಜಳಕ ಮಾಡಿದ್ರ ಮತ್ತ ಹುಡುಗ," ಎನ್ನುತ್ತಿದ್ದರು. "ಈಗ ಜಳಕ ಮಾಡಿದ್ರೂ ಹೋಗವಲ್ದು."

ಮೈಸೂರಿನ ನಮ್ಮ ಬೀದಿಗೂ ಅಂಥವರೊಬ್ಬರು ಬರುತ್ತಿದ್ದರು. ನನ್ನ ಅಜ್ಜಿ ರಮಾಬಾಯಿ ಹಾಸಿಗೆ ಬಿಚ್ಚಿಸುವಾಗ ಎದುರೇ ಕುರ್ಚಿ ಹಾಕಿ ಕೂರುತ್ತಿದ್ದಳು, ಹತ್ತಿ ಕದ್ದಾರೆಂದು. ಇದನ್ನು ನಾನು ನಾಚಿಕೆಯಿಂದಲೇ ಕಾಕಾರಿಗೆ ಹೇಳಿದ್ದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಎಲ್ಲಾ ಊರಾಗ ಒಬ್ಬಾಕಿ ಹಂಗ ಕುಂದ್ರತಿದ್ಲು. ಮುಂದ ಅಕೀನ ಚಹಾ ಕೊಡಾಕಿ!" ಫೋಮ್ ಹಾಸಿಗೆ ಬಂದ ಮೇಲೆ ಅವರು ಬಿಲ್ಲು ಬಿಟ್ಟು ಲಾರಿ ಹಿಡಿದರು, ಆಬಿದಾ ಆಂಟಿಯ ಅಣ್ಣ ಕರೆಸಿಕೊಂಡಾಗ ಇಲ್ಲಿಗೆ ಬಂದು ಬಸ್ಸು ಹಿಡಿದರು.

ಈಗ ಹತ್ತಿ ಎಲ್ಲಿಂದ ತರುವುದು? ಕಾಕಾರ ಕಾರಿನಲ್ಲಿ, ಚಾಲಕನಾಗಿ ನಾನೇ, ಸ್ಯಾಂಡ್ರಿಂಗಮ್ಮಿಗೆ ಹೋದೆವು. ಅಲ್ಲಿನ ನಮ್ಮವರ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಶೇಂಗಾ ಚಟ್ನಿ ಸಿಗುತ್ತದೆ. ಹತ್ತಿಯ ರೂಪದಲ್ಲಿ ಸಿಕ್ಕಿದ್ದು ದೀಪದ ಬತ್ತಿ ಮಾತ್ರ. "ನಲವತ್ತು ಪ್ಯಾಕೆಟ್ ತಗೊಂಡು ಬಿಚ್ಚೋಣ ಕಾಕಾ," ಎಂದೆ, ಬಹಳ ಬುದ್ಧಿವಂತನಂತೆ. ಕಾಕಾ ಒಂದು ಬತ್ತಿಯನ್ನು ಬೆರಳಲ್ಲಿ ಹೊಸಕಿ ವಾಪಸ್ ಇಟ್ಟರು. "ಇದು ಹತ್ತಿ ಅಲ್ಲಪಾ, ಹತ್ತಿ ಹೆಣ." ಔಷಧಿ ಅಂಗಡಿಯ ಸುರುಳಿ ಹತ್ತಿಗೂ ಅವರು ಒಪ್ಪಲಿಲ್ಲ. "ಅದು ಗಾಯಕ್ಕ."

ಬರಿಗೈಲಿ ಬಂದಾಗ ಆಂಟಿ ಅಡಿಗೆ ಮನೆಯ ಮೇಜಿನ ಮೇಲೆ ತಮ್ಮ ದಿಂಬು ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕತ್ತರಿ.

ಆ ದಿಂಬಿನ ಕಥೆ ನನಗೆ ಗೊತ್ತಿತ್ತು, ಆ ಮನೆಗೆ ಬಂದವರಿಗೆಲ್ಲ ಗೊತ್ತಿತ್ತು. ಮದುವೆಗೆ ಕಾಕಾ ತಾವೇ ಜಯಧರ ತಳಿಯ ಹತ್ತಿ ಹಿಂಜಿ ತುಂಬಿದ್ದು. ಇಲ್ಲಿಗೆ ಬರುವಾಗ ಆಂಟಿ ಅದನ್ನು ಬಗಲಲ್ಲಿ ಹಿಡಿದೇ ವಿಮಾನ ಹತ್ತಿದ್ದರು. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ದಿಂಬನ್ನು ಯಂತ್ರಕ್ಕೆ ಹಾಕಿ, ಒತ್ತಿ, ಮೂಸಿ, ಒಳಗೆ ಬೀಜವೇನಾದರೂ ಇದೆಯೇ ಎಂದು ಕೇಳಿದಾಗ, ಇಂಗ್ಲಿಷ್ ಬಾರದ ಕಾಕಾ ಎದೆ ಮುಟ್ಟಿಕೊಂಡು ಗದಗಿನ ಕನ್ನಡದಲ್ಲೇ ಹೇಳಿದ್ದರಂತೆ: "ನಾ ಹಿಂಜಿದ ಹತ್ತಿಯೊಳಗ ಒಂದ ಒಂದು ಬೀಜ ಸಿಕ್ಕರ, ನನ್ನ ಇದ ವಿಮಾನದಾಗ ವಾಪಸ್ ಕಳಸ್ರಿ." ಅಧಿಕಾರಿಗೆ ಏನು ತಿಳಿಯಿತೋ, ಬಿಟ್ಟರು.

"ಏನ್ ಮಾಡಾಕತ್ತಿ ನೀ?" ಕಾಕಾರ ದನಿ ಸಣ್ಣದಾಯಿತು. "ನನ್ನ ಬಿಲ್ಲಿಂದ ಉಳದಿದ್ದು ಅದೊಂದ ಐತಿ."

"ನೀವು ಬಸ್ ತೊಳದು ಬಂದು ಗ್ವಾಡಿ ನೋಡಕೋತ ಕುಂದ್ರೂದು ನೋಡಿ ನನಗ ಈ ದಿಂಬಿನ ಮ್ಯಾಲ ನಿದ್ದಿ ಬರವಲ್ದು," ಎಂದರು ಆಂಟಿ. "ಕಲ್ಲಾಗೈತಿ ಇದು. ನಿಮ್ಮಂಗ. ಕತ್ತರಿ ಹಿಡೀರಿ."

ಬಿಲ್ಲಿಗೆ ಹಿತ್ತಲಿನ ಬಿದಿರು, ತಂತಿಗೆ ಪಕ್ಕದ ಮನೆಯವರ ಮೀನಿನ ಗಾಳದ ದಾರ, ಕೊಡತಿಗೆ ಆಂಟಿಯ ಲಟ್ಟಣಿಗೆ. ಗ್ಯಾರೇಜಿನಲ್ಲಿ ಬೆಡ್‌ಶೀಟ್ ಹಾಸಿ ಕಾಕಾ ಮಂಡಿಯೂರಿದರು. ಮೊದಲ ಏಟಿಗೆ ದಾರ ಕಿತ್ತಿತು. ಎರಡನೆಯದಕ್ಕೆ ಬಿದಿರು ನನ್ನ ಮೊಣಕಾಲಿಗೆ ಬಿತ್ತು. ಮೂರನೆಯದಕ್ಕೆ ಬಂತು ಆ ಸದ್ದು. ಟಂಯ್... ಟಂಯ್‌ಟಂಯ್... ಟಂಯ್. ಗಾಳದ ದಾರದ್ದಾದ್ದರಿಂದ ಸ್ವಲ್ಪ ಕೀರಲು. ಆದರೂ ಆಂಟಿ ಬಾಗಿಲಿಗೆ ಬಂದು ನಿಂತರು. ಸನೋಬರ್ ಫೋನ್ ತೆಗೆದಳು, ಮತ್ತೆ ಚಿತ್ರ ತೆಗೆಯದೆ ಜೇಬಿಗಿಟ್ಟಳು. ಹಳದಿಗಟ್ಟಿದ ಹತ್ತಿ ಎಳೆಎಳೆಯಾಗಿ ಎದ್ದು ಗ್ಯಾರೇಜಿನ ಬೆಳಕಿನಲ್ಲಿ ತೇಲಿತು. ಕಾಕಾರ ಹುಬ್ಬಿನ ಮೇಲೆ ಕೂತಿತು. ಹುಬ್ಬು ಆಗಲೇ ಬಿಳಿಯಾಗಿದ್ದರಿಂದ ಗೊತ್ತಾಗಲಿಲ್ಲ.

ನನ್ನ ಕೆಲಸ ಗಂಟುಗಳನ್ನು ಕೈಯಲ್ಲಿ ಬಿಡಿಸಿ ಮುಂದೆ ಸರಿಸುವುದು. ಬಿಡಿಸುತ್ತಿದ್ದಾಗ ಬೆರಳಿಗೆ ಏನೋ ಗಟ್ಟಿ ಸಿಕ್ಕಿತು. ಬೀಜ. ಒಂದೇ ಒಂದು, ಕಪ್ಪಗೆ, ಮೈಮೇಲೆ ನವಿರು. ಕಾಕಾರತ್ತ ನೋಡಿದೆ. ಕಣ್ಣು ಮುಚ್ಚಿಕೊಂಡು ತಂತಿ ಬಡಿಯುತ್ತಿದ್ದರು. ಬೀಜವನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ.

ಆಂಟಿ ಹಳೆಯ ಸೀರೆಯ ಅಂಚು ಹರಿದು ಉದ್ದನೆಯ ಚೀಲ ಹೊಲಿದರು, ಕಾಕಾ ತುಂಬಿದರು, ಮೇಲಿಂದ ದಪ್ಪ ಹೊಲಿಗೆ ಹಾಕಿದರು. ಮುಗಿದಾಗ ಅದು ಇಲಿ ನುಂಗಿದ ಹೆಬ್ಬಾವಿನಂತಿತ್ತು. "ಅಬ್ಬಾ, ಅದು ಪೈಪು, ಲೋಡು ದಿಂಬಲ್ಲ," ಎಂದು ಸನೋಬರ್ ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದಳು. "ಗಾದಿ ಅಂದ ಮ್ಯಾಲ ತುಂಬಬೇಕವ್ವಾ. ಹತ್ತಿ ಹಾಕಾಕ ಕೈ ಬಿಗಿ ಹಿಡದ್ರ ಗಿರಾಕಿ ತಿರುಗಿ ಬರೂದಿಲ್ಲ," ಎಂದರು ಕಾಕಾ. ನಾನು, ತಜ್ಞ, ಹೆಬ್ಬೆರಳು ಎತ್ತಿ ತೋರಿಸಿದೆ.

ಆ ರಾತ್ರಿ ಪೈಪಿನಲ್ಲಿ ಒಂದು ಹನಿಯೂ ಕಟ್ಟಲಿಲ್ಲ. ಆದರೆ ಗಾದಿಯ ಭಾರಕ್ಕೆ ಪೈಪು ಜಗ್ಗಿ, ಕಾಕಾ ಮಗ್ಗುಲಾದಾಗಲೆಲ್ಲ ಮಾಸ್ಕು ಕಿತ್ತು ಗಲ್ಲಕ್ಕೆ ಬಂತು. ಬೆಳಿಗ್ಗೆ ಲೆಕ್ಕ ನೋಡಿದರೆ ಮೂರು ಗಂಟೆ ಹತ್ತು ನಿಮಿಷ. ಒಂಬತ್ತನೇ ರಾತ್ರಿಯೂ ಹೋಯಿತು. ಇನ್ನು ಉಳಿದ ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಬೇಕು.

ಭಾನುವಾರ ಬೆಳಿಗ್ಗೆಯೇ ಕಾಕಾ ಹೊಲಿಗೆ ಬಿಚ್ಚಿದರು. ಮೊದಲ ಸಲ ನಾನು ಒಂದು ಉಪಯುಕ್ತ ಮಾತು ಹೇಳಿದೆ, ಅದೂ ಅಂಜುತ್ತ: "ಕಾಕಾ, ತಡೆಯೋದು ಹತ್ತಿ ಅಲ್ಲ. ಹತ್ತಿ ಒಳಗೆ ಸಿಕ್ಕಿಕೊಂಡಿರೋ ಗಾಳಿ."

ಅವರು ಕೈ ನಿಲ್ಲಿಸಿದರು. "ನಮ್ಮಪ್ಪ ಇದನ್ನ ಅಂತಿದ್ದ. 'ಹತ್ತಿ ಮಾರಬ್ಯಾಡಲೇ, ಗಾಳಿ ಮಾರು' ಅಂತ. ನಾ ಅಂವಾ ಮೋಸ ಮಾಡಾಕ ಕಲಸ್ತಾನ ಅಂತ ತಿಳದಿದ್ದೆ." ಅರ್ಧಕ್ಕಿಂತ ಹೆಚ್ಚು ಹತ್ತಿ ತೆಗೆದು, ಉಳಿದದ್ದನ್ನು ಮತ್ತೊಮ್ಮೆ ಹಿಂಜಿದರು. ಈ ಸಲ ಗಾದಿ ಊದಿದರೆ ಹಾರುವಂತಿತ್ತು. ಪೈಪಿನ ನಡುವನ್ನು ಮಂಚದ ತಲೆಗೆ ಒಂದು ಲಾಡಿಯಿಂದ ಸಡಿಲವಾಗಿ ಕಟ್ಟಿದೆವು, ಜಗ್ಗದಿರಲಿ ಎಂದು.

ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹಿತ್ತಲಿಗೆ ಬಂದಾಗ ಆಂಟಿ ಅಡಿಗೆ ಮನೆಯ ಕಿಟಕಿಯಿಂದ ಆರು ಬೆರಳು ತೋರಿಸಿದರು. ಆರು ಗಂಟೆ. ಅದು ದಿನದ ಪದ್ಧತಿಯೇ ಆಗಿಹೋಯಿತು. ಒಂದು ದಿನ ಐದು, ಒಂದು ದಿನ ಏಳು. ಹದಿನೈದನೇ ದಿನ ನಾಲ್ಕೇ ಬೆರಳು ಕಂಡಾಗ ನಾನು ಪೇಸ್ಟ್ ನುಂಗಿದೆ. ಆಂಟಿ ನಿಧಾನವಾಗಿ ಹೆಬ್ಬೆರಳನ್ನೂ ಅರ್ಧ ಮಡಚಿ ತೋರಿಸಿದರು, ನಾಲ್ಕೂವರೆ. ಮನೆಯಲ್ಲಿ ಗೊರಕೆ ನಿಂತಿತ್ತು. ಗ್ಯಾರೇಜಿನಾಚೆ ಮಲಗಿದ ನನಗೆ ಆ ನಿಶ್ಶಬ್ದದಲ್ಲಿ ನಿದ್ದೆ ಬರಲು ಒಂದು ವಾರ ಹಿಡಿಯಿತು.

ಮೂವತ್ತು ರಾತ್ರಿ ಮುಗಿದ ಮೇಲಿನ ಸೋಮವಾರ ಡಾಕ್ಟರ ಹತ್ತಿರ ನನ್ನನ್ನೂ ಕರೆದುಕೊಂಡು ಹೋದರು, "ಮಶಿನ್ ಪೈಕಿ ಮನಷ್ಯಾ ಒಬ್ಬ ಜೋಡಿ ಇರ್ಲಿ," ಎಂದು. ಡಾಕ್ಟರ್ ಪರದೆ ನೋಡಿದರು. ಒಂಬತ್ತು ಕೆಂಪು ಗೆರೆ, ಆಮೇಲೆ ಇಪ್ಪತ್ತೊಂದು ಹಸಿರು. "ಏನು ಬದಲಾಯಿಸಿದಿರಿ?" ಎಂದು ಕೇಳಿದರು. ಕಾಕಾ ಚೀಲದಿಂದ ಗಾದಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರ್ ಅದನ್ನು ಒತ್ತಿ ನೋಡಿ, "ಮೆರಿನೋ ಉಣ್ಣೆಯಾ?" ಎಂದರು.

"ನೋ," ಎಂದರು ಕಾಕಾ. "ಗದಗ."

ಪತ್ರ ಒಂದು ಆಫೀಸಿನಿಂದ ಇನ್ನೊಂದಕ್ಕೆ ತಿರುಗಿ ಡಿಪೋ ತಲುಪಲು ಆಗಸ್ಟ್ ಪೂರ್ತಿ ಹಿಡಿಯಿತು. ಅಷ್ಟರಲ್ಲಿ ಹಡಗು ಬಂದು ಬಿಸಿ ಪೈಪೂ ಬಂತು. ಚೆನ್ನಾಗಿಯೇ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಆಂಟಿ ಮರುದಿನವೇ ಗಾದಿ ಬಿಚ್ಚಿಸಿ, ತೆಗೆದಿಟ್ಟ ಹತ್ತಿಯನ್ನೂ ಸೇರಿಸಿ, ತಮ್ಮ ದಿಂಬು ತಮಗೆ ತುಂಬಿಸಿಕೊಂಡರು. "ಮೊದಲಿನಕಿಂತ ಚಲೋ ಆಗೈತಿ. ಇಷ್ಟ್ ವರ್ಷ ಯಾಕ ಸುಮ್ಮನ ಕುಂತಿದ್ರಿ?" ಎಂದು ಬೈದರು ಕೂಡ.

ನಾನೀಗ ಇನ್ನೂ ದಕ್ಷಿಣದ ಅಪ್ಪರ್ ಹಟ್ ಊರಿನಲ್ಲಿದ್ದೇನೆ. ಕಂಪನಿ ವರ್ಗ ಮಾಡಿತು. ಕರೆ ಬಂದರೆ ಮೊದಲು ಕೇಳುವುದು, "ಎಲ್ಲಿಟ್ಟಿದ್ದೀರಿ?" ಇಲ್ಲಿನ ಚಳಿಗೆ ನನ್ನ ಕಿಟಕಿ ಬೆಳಗಿನ ಹೊತ್ತು ಅಳುತ್ತಿರುತ್ತದೆ. ಆಗೆಲ್ಲ ನೆನಪಾಗುವುದು ಆಕ್ಲೆಂಡಿನ ಕೊನೆಯ ವಾರದ ಒಂದು ಸಂಜೆ.

ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬಂದು ನಿಂತ ಬಸ್ಸಿನ ಬಾಗಿಲು ತೆರೆದರೆ ಕಾಕಾ. ಇಸ್ತ್ರಿ ಮಾಡಿದ ಅಂಗಿ, ಎರಡೂ ಕೈ ಸ್ಟಿಯರಿಂಗ್ ಮೇಲೆ. ನಾನು ಹಲ್ಲು ಕಿರಿಯುತ್ತ, ಮನೆಯವರ ಬಸ್ಸೆಂಬ ಗತ್ತಿನಲ್ಲಿ ಹಾಗೇ ಒಳಗೆ ನಡೆದೆ.

"ಏ, ಟಿಕೆಟ್ ಕಾರ್ಡ್ ಟ್ಯಾಗ್ ಮಾಡಪಾ."

ಜೇಬಿಗೆ ಕೈ ಹಾಕಿ ತೆಗೆದರೆ ಕಾರ್ಡಿನ ಜೊತೆ ಅಂಗೈಗೆ ಬಂತು ಆ ಬೀಜ. ಕಾಕಾರ ಕಣ್ಣು ಅದರ ಮೇಲೆ ಬಿತ್ತು.

"ಏನದು?"

"ಏನಿಲ್ಲ ಕಾಕಾ. ಕಸ."

ಅವರು ಬೀಜವನ್ನೇ ನೋಡಿದರು, ಆಮೇಲೆ ನನ್ನನ್ನು. ಕಸುಬು ಬಿಟ್ಟು ಮೂವತ್ತು ವರ್ಷವಾದರೂ ಪಿಂಜಾರನಿಗೆ ಬೀಜದ ಗುರುತು ಹತ್ತದೇ? ಹಿಂದಿನವರು ಕಾಯುತ್ತಿದ್ದರು. ಕಾಕಾ ಬಾಗಿಲು ಮುಚ್ಚುವ ಗುಂಡಿ ಒತ್ತಿ, ಕನ್ನಡಿ ನೋಡಿ, ರಸ್ತೆಯತ್ತ ತಿರುಗಿದರು.

"ಕಸ ಆದ್ರ ಕಿಸೆದಾಗ ಇಟ್ಕೊ," ಎಂದರು. "ನನ್ನ ಬಸ್ಸಿನ್ಯಾಗ ಚೆಲ್ಲಬ್ಯಾಡ. ತೊಳಿಯೂದು ಎಷ್ಟ್ ತ್ರಾಸ ಅಂತ ನನಗ ಗೊತ್ತೈತಿ."